ಕಡಲು ನಡುಗುತ್ತಿತ್ತು, ಹುಡುಗ ಅಲ್ಲಾಡಲಿಲ್ಲ

ಹಳೆಯ ಸಿನಿಮಾ ಕೊಳೆಯುವಾಗ ಮೊದಲು ಬರುವುದು ಹುಳಿ ವಾಸನೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದ ಹಾಗೆ. ಆದರೆ ಇದಕ್ಕೆ ನೀರು ಬರುವುದು ಬಾಯಲ್ಲಲ್ಲ, ಕಣ್ಣಲ್ಲಿ. ತಿರುವನಂತಪುರದ ಆ ಗೋದಾಮಿನಲ್ಲಿ ಕೊನೆಯ ರೀಲಿನ ಡಬ್ಬಿ ತೆರೆದ ಕೂಡಲೇ ಗೊತ್ತಾಯಿತು, ಇದರ ಕತೆ ಮುಗಿದಿದೆ ಎಂದು. ಚಿತ್ರದ ನೆಗೆಟಿವ್ ಬೇರೆ ಕಡೆ ತಂಪಿನಲ್ಲಿ ಇಟ್ಟಿದ್ದರಿಂದ ಉಳಿದಿತ್ತು. ಧ್ವನಿಯ ನೆಗೆಟಿವ್ ಮಾತ್ರ ಹಪ್ಪಳದ ಹಾಗೆ ಸೊಟ್ಟಗಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಉಳಿದ ರೀಲುಗಳನ್ನೆಲ್ಲ ಹೇಗೋ ಬದುಕಿಸಿಕೊಂಡಿದ್ದೆವು. ಎಲ್ಲಾ ಬಿಟ್ಟು ಕೊನೆಯದೇ ಹೀಗಾಗಬೇಕೇ!

ನನ್ನದು ಕೊಚ್ಚಿಯ ಒಂದು ಸ್ಟುಡಿಯೋದಲ್ಲಿ ಹಳೆಯ ಚಿತ್ರಗಳ ಧ್ವನಿ ಸರಿಮಾಡುವ ಕೆಲಸ. ಕಾಸರಗೋಡಿನವಳಾದ್ದರಿಂದ ಮಲಯಾಳಂ ಕಿವಿಗೆ ಹೊಸದಲ್ಲ. ಈ ಸಿನಿಮಾದ ಹೆಸರು ಹೇಳುವಂತಿಲ್ಲ, ಹಾಗೆಂದು ಕರಾರು. ಹೇಳದಿದ್ದರೂ ನಡೆಯುತ್ತದೆ. ಕಡಲಿಗೆ ಹೆದರುವ ಒಬ್ಬ ಹುಡುಗ, ಅವನನ್ನು ಗಂಡಸು ಮಾಡಲು ಹೊರಟ ಮೀನುಗಾರ ಅಪ್ಪ. ಕೊನೆಯಲ್ಲಿ ಅಪ್ಪ ಕಡಲು ಪಾಲಾಗುತ್ತಾನೆ. ಹುಡುಗ ನಮಗೆ ಬೆನ್ನು ಹಾಕಿ ದಡದಲ್ಲಿ ನಿಲ್ಲುತ್ತಾನೆ. ಅಳುವುದಿಲ್ಲ, ಅಲ್ಲಾಡುವುದಿಲ್ಲ. ಬಹಳ ಹೊತ್ತು ಆ ಬೆನ್ನು, ಅದರಾಚೆ ಕಪ್ಪು-ಬಿಳುಪಿನ ಕಡಲು, ಅಷ್ಟೇ. ಈ ರಾಜ್ಯದಲ್ಲಿ ಆ ಬೆನ್ನನ್ನು ಅರಿಯದವರಿಲ್ಲ. ‘ಹೆದರಿದರೆ ಕಡಲಿಗೆ ಗೊತ್ತಾಗುತ್ತದೆ’ ಎಂಬ ಆ ಚಿತ್ರದ ಮಾತನ್ನು ಈಜು ಕಲಿಸುವ ಅಪ್ಪಂದಿರು ಇವತ್ತಿಗೂ ಮಕ್ಕಳಿಗೆ ಹೇಳುತ್ತಾರೆ.

ಆ ಹುಡುಗ ನಿರ್ದೇಶಕರ ಸ್ವಂತ ಮಗ. ಮತ್ತೆಂದೂ ನಟಿಸಲಿಲ್ಲ. ಸರಕಾರಿ ಕೆಲಸ ಮಾಡಿ ನಿವೃತ್ತರಾಗಿ ಈಗ ತ್ರಿಪ್ಪುಣಿತ್ತುರದಲ್ಲಿದ್ದಾರೆ, ಅರವತ್ತು ದಾಟಿದೆ. ಸ್ಟುಡಿಯೋದಲ್ಲಿ ನಾವೆಲ್ಲ ಅವರನ್ನು ಸಾರ್ ಎಂದೇ ಕರೆಯುವುದು. ನಿರ್ದೇಶಕ ಅಪ್ಪ ತೀರಿಕೊಂಡ ಮೇಲೆ ಚಿತ್ರದ ಹಕ್ಕು ಇವರಿಗೆ ಬಂದಿತ್ತು. ತಿರುವನಂತಪುರದ ಚಿತ್ರೋತ್ಸವದಲ್ಲಿ ತೋರಿಸಲು ಹೊಸದು ಮಾಡಿಕೊಡಿ ಎಂದು ನಮಗೆ ಒಪ್ಪಿಸಿದ್ದರು. ಮದುವೆ, ಮುಂಜಿ ಎಲ್ಲಿ ಹೋದರೂ ಜನ ಅವರನ್ನು ತಿರುಗಿ ನಿಲ್ಲಿಸಿ ಹಿಂದಿನಿಂದ ಫೋಟೋ ತೆಗೆಯುತ್ತಾರಂತೆ. ಮುಖ ಯಾರಿಗೂ ಬೇಡ. ಅವರು ನಿಲ್ಲುವುದೂ ಹಾಗೆಯೇ, ಬೆನ್ನೊಳಗೆ ಕೋಲು ಇಟ್ಟ ಹಾಗೆ.

ಗೋದಾಮಿನ ಅದೇ ಕಪಾಟಿನ ಕೆಳಗೆ ಒಂದು ಟೇಪ್ ಸಿಕ್ಕಿತು. ಪೈಲಟ್ ಟ್ರ್ಯಾಕ್. ಆ ಕಾಲದಲ್ಲಿ ಹೊರಾಂಗಣದಲ್ಲಿ ಚಿತ್ರೀಕರಿಸುವಾಗ ಒಂದು ಗುರುತಿಗೆಂದು ಧ್ವನಿ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಸ್ಟುಡಿಯೋದಲ್ಲಿ ನಟರು ಮತ್ತೆ ಮಾತು ಹೇಳಿ ಡಬ್ ಮಾಡುತ್ತಿದ್ದರು. ಕೆಲಸ ಮುಗಿದರೆ ಈ ಟೇಪ್ ಕಸ. ಪುಣ್ಯಕ್ಕೆ ಯಾರೂ ಎಸೆದಿರಲಿಲ್ಲ. ಬೂಷ್ಟು ಹಿಡಿದಿದ್ದ ಅದನ್ನು ಕೊಚ್ಚಿಗೆ ತಂದು, ಮೂಗಿಗೆ ಮಾಸ್ಕ್ ಕಟ್ಟಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಹದವಾದ ಬಿಸಿಯಲ್ಲಿಟ್ಟು ಒಣಗಿಸಿ, ಉಸಿರು ಬಿಗಿಹಿಡಿದು ಓಡಿಸಿದೆ. ಓಡಿತು. ಚಿತ್ರ ಮೂಲದಲ್ಲಿ ಹೇಗೆ ಕೇಳುತ್ತಿತ್ತು ಎಂದು ನೋಡಿಕೊಳ್ಳಲು ಟಿವಿಯಿಂದ ಇಳಿಸಿದ ಒಂದು ಹಳೆ ಕ್ಯಾಸೆಟ್ ಇತ್ತು. ಅದು ಥಿಯೇಟರಿಗೆ ಆಗುವಂಥದ್ದಲ್ಲ. ಟೇಪಿನಿಂದಲೇ ಮಾತು, ಕಡಲು ಎಲ್ಲವನ್ನೂ ಹೆಕ್ಕಿ ಕೊನೆಯ ರೀಲು ಕಟ್ಟುವುದು ಎಂದು ತೀರ್ಮಾನವಾಯಿತು.

ಪೈಲಟ್ ಟ್ರ್ಯಾಕಿಗೆ ಒಂದು ರೋಗ ಇದೆ. ನಟರಿಗೆ ಮಾತು ಬಾಯಿಪಾಠ ಇರುತ್ತಿರಲಿಲ್ಲ. ಕ್ಯಾಮೆರಾದ ಹಿಂದೆ ನಿಂತು ಒಬ್ಬರು ಒಂದೊಂದೇ ಸಾಲು ಹೇಳಿಕೊಡುತ್ತಿದ್ದರು. ಹೇಗೂ ಡಬ್ ಮಾಡುತ್ತಾರಲ್ಲ, ಕೇಳಿಸಿದರೇನು? ಹಾಗಾಗಿ ಆ ಟೇಪಿನಲ್ಲಿ ಮೀನುಗಾರ ಅಪ್ಪ ಏನು ಹೇಳುವುದಿದ್ದರೂ ಅದಕ್ಕೆ ಮೊದಲೇ ದೂರದಿಂದ ಒಂದು ತಗ್ಗಿದ ಧ್ವನಿ ಅದನ್ನು ಹೇಳಿ ಮುಗಿಸುತ್ತಿತ್ತು. ಹುಡುಗನ ಉತ್ತರವನ್ನೂ. ಇಬ್ಬರೂ ತಮ್ಮ ಮನಸ್ಸಿನ ಮಾತು ಎಂದುಕೊಂಡು ಆಡುವುದೆಲ್ಲ ಹಿಂದೆ ನಿಂತವನಿಗೆ ಮೊದಲೇ ಗೊತ್ತು. ಅದು ನಿರ್ದೇಶಕರದೇ ಧ್ವನಿ ಎಂದು ಸ್ಟುಡಿಯೋದ ಯಜಮಾನರು ಕೇಳಿದ ಕೂಡಲೇ ಹೇಳಿದರು. ಅವರಿಗೆ ಆ ಮನುಷ್ಯನ ಪರಿಚಯವಿತ್ತು.

ನಾನು ಹೆದರುಪುಕ್ಕಲಿ ಅಲ್ಲ. ಕೋಲದಲ್ಲಿ ಭೂತ ಕಟ್ಟುವವರ ಮನೆಯ ಪಕ್ಕದಲ್ಲೇ ಬೆಳೆದವಳು. ನಮ್ಮ ಕಡೆ ಭೂತವನ್ನು ಕಂಡರೆ ಓಡುವುದಿಲ್ಲ, ಕೈಮುಗಿದು ಕಷ್ಟ ಹೇಳಿಕೊಳ್ಳುತ್ತಾರೆ. ಆದರೂ ಹಾಡಹಗಲು, ಹೊರಗೆ ಮೆಟ್ರೋ ಹೋಗುವಾಗ ಒಳಗೆ ಸದ್ದೇ ಬಾರದ ಆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತರೆ, ಯಾರೋ ನನ್ನ ಕುರ್ಚಿಯ ಹಿಂದೆ ನಿಂತು ಸಾಲು ಹೇಳಿಕೊಡುತ್ತಿದ್ದಾರೆ ಅನ್ನಿಸುತ್ತಿತ್ತು. ಎರಡು ಸಲ ತಿರುಗಿಯೂ ನೋಡಿದೆ. ಆಮೇಲೆ ನನಗೇ ನಾಚಿಕೆಯಾಯಿತು.

ಪಕ್ಕದ ಕೋಣೆಯಲ್ಲಿ ಚಿತ್ರದ ಕೆಲಸ ಮಾಡುವವನು ಮೈಸೂರಿನವನು. ಇಡೀ ಸ್ಟುಡಿಯೋದಲ್ಲಿ ಕನ್ನಡ ಮಾತಾಡಲು ಸಿಗುವವನು ಅವನೊಬ್ಬ. ನನ್ನ ಕನ್ನಡ ಕೇಳಿ ಅವನು ನಗುತ್ತಾನೆ, ಅವನದು ಕೇಳಿ ನಾನು. ಒಂದು ಮಧ್ಯಾಹ್ನ ಬಾಗಿಲಲ್ಲಿ ತಲೆ ಹಾಕಿದ. ಮುಖದಲ್ಲಿ ನಗು ಇರಲಿಲ್ಲ.

“ಅಕ್ಕಾ, ಸ್ವಲ್ಪ ಬನ್ನಿ. ಸಮುದ್ರ ನಡುಗ್ತಾ ಇದೆ.”

“ಎಂತ ಮಾರಾಯ, ಸಮುದ್ರ ಅಂದ್ರೆ ಅಲೆ ಇರೂದಿಲ್ವಾ?” ಎಂದೆ.

“ಅಲೆ ಅಲ್ಲ. ನೀವೇ ನೋಡಿ.”

ಹೋಗಿ ನೋಡಿದೆ. ಕೊನೆಯ ಆ ದೃಶ್ಯ. ಹುಡುಗ ಮೊಳೆ ಹೊಡೆದ ಹಾಗೆ ನಿಂತಿದ್ದಾನೆ. ಅವನಾಚೆ ಕಡಲು ಮತ್ತು ಆಕಾಶ ಸೇರುವ ಗೆರೆ ಸಣ್ಣಗೆ, ಚಳಿಜ್ವರ ಬಂದವರ ತುಟಿಯ ಹಾಗೆ ಅದುರುತ್ತಿದೆ. ಒಂದಿಷ್ಟು ಹೊತ್ತು ಅದುರುತ್ತದೆ, ನಿಲ್ಲುತ್ತದೆ, ಮತ್ತೆ ಅದುರುತ್ತದೆ.

ಏನು ಮಾಡಿದ್ದೀ ಎಂದು ಕೇಳಿದ್ದಕ್ಕೆ ವಿವರಿಸಿದ. ಹಳೆಯ ಚಿತ್ರ ಪರದೆಯ ಮೇಲೆ ತೂಗಾಡುತ್ತದೆ. ಅದನ್ನು ನಿಲ್ಲಿಸಬೇಕಾದರೆ ಚಿತ್ರದೊಳಗೆ ಅಲ್ಲಾಡದ ವಸ್ತುವೊಂದನ್ನು, ಗೋಡೆಯನ್ನೋ ಕಂಬವನ್ನೋ, ಕಂಪ್ಯೂಟರಿಗೆ ಗುರುತು ಮಾಡಿ ಕೊಡಬೇಕು. ಅದು ಆ ವಸ್ತುವನ್ನು ಬಿಗಿಯಾಗಿ ಹಿಡಿದು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸುತ್ತದೆ. ಆ ದೃಶ್ಯದಲ್ಲಿ ಗೋಡೆಯೂ ಇಲ್ಲ, ಕಂಬವೂ ಇಲ್ಲ. ಇವನು ಹುಡುಗನ ಬೆನ್ನನ್ನೇ ಗುರುತು ಮಾಡಿದ್ದ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಕೇರಳದಲ್ಲಿ ಅದಕ್ಕಿಂತ ಅಲ್ಲಾಡದ ವಸ್ತು ಇನ್ನೇನಿದೆ? ಲೆಕ್ಕದಲ್ಲಿ ಏನೋ ತಪ್ಪಿದೆ, ಮತ್ತೆ ಮಾಡು ಎಂದು ಹೇಳಿ ಬಂದೆ. ಅವನು ಮತ್ತೆ ಮಾಡಿದ. ಕಡಲು ಮತ್ತೆ ನಡುಗಿತು.

ಅದೇ ಹೊತ್ತಿಗೆ ನನ್ನ ಕೆಲಸವೂ ಹಳ್ಳ ಹಿಡಿಯಿತು. ಟೇಪಿನ ಗರಗರ ತೆಗೆಯಲು ನಮ್ಮಲ್ಲಿ ಒಂದು ಕ್ರಮ ಇದೆ. ಯಾರೂ ಮಾತಾಡದ ಜಾಗವೊಂದನ್ನು ಹುಡುಕಿ, ‘ಇದು ಬರೀ ಗದ್ದಲ, ಇಂಥದ್ದು ಎಲ್ಲಿದ್ದರೂ ತೆಗೆ’ ಎಂದು ಯಂತ್ರಕ್ಕೆ ಕಲಿಸಬೇಕು. ಇಡೀ ರೀಲಿನಲ್ಲಿ ಯಾರೂ ಬಾಯಿ ಬಿಡದ ಜಾಗ ಯಾವುದು? ಕೊನೆಯ ದೃಶ್ಯ. ಅಲೆಯ ಭೋರ್ಗರೆತ, ಕ್ಯಾಮೆರಾದ ಸದ್ದು, ಅಷ್ಟೇ ತಾನೇ? ಅದರಿಂದ ಒಂದು ತುಂಡು ಕೊಟ್ಟು ರೀಲನ್ನೆಲ್ಲ ತೊಳೆದೆ. ಗರಗರ ಹೋಯಿತು. ಆದರೆ ಅಪ್ಪನ ಧ್ವನಿ ಟೊಳ್ಳಾಯಿತು. ‘ಹೆದರಿದರೆ’ ಎಂದು ಶುರುಮಾಡುವವನು ಮಡಕೆಯೊಳಗಿಂದ ಮಾತಾಡಿದ ಹಾಗೆ. ಹುಡುಗನ ಧ್ವನಿಯಂತೂ ಕೆಲವು ಕಡೆ ಇಲ್ಲವೇ ಇಲ್ಲ, ತುಟಿ ಮಾತ್ರ ಆಡುತ್ತಿತ್ತು.

ಹೀಗಾದಾಗ ನಾವು ಕಸ ಕೇಳುತ್ತೇವೆ. ಯಂತ್ರದಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಉಳಿದ ಧ್ವನಿಯ ಬದಲು ತೆಗೆದುಹಾಕಿದ್ದು ಮಾತ್ರ ಕೇಳಿಸುತ್ತದೆ. ಅಕ್ಕಿ ಆರಿಸಿದ ಮೇಲೆ ಕಲ್ಲಿನ ಜತೆ ಕಾಳೂ ಹೋಗಿದೆಯೇ ಎಂದು ಮೊರ ನೋಡುವ ಹಾಗೆ. ಒತ್ತಿದೆ.

ರೀಲಿನ ಮೊದಲಿಂದ ಕೊನೆಯವರೆಗೆ ಯಾರೋ ಅಳುತ್ತಿದ್ದರು.

ಅಪ್ಪ ಬಲೆ ನೇಯುವಾಗ, ನೆರೆಯವರು ನಗುವಾಗ, ಎಲ್ಲ ದೃಶ್ಯದ ಅಡಿಯಲ್ಲೂ ಮುರಿದು ಮುರಿದು ಬರುವ ಸಣ್ಣ ಧ್ವನಿ. ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. ಅಲ್ಲಿಂದಲೂ ಕೇಳಿಸುತ್ತಿತ್ತು. ಎದ್ದು ಹೊರಗೆ ಹೋಗಿ ಚಹಾ ಕುಡಿದು, ನಿನಗೆ ಹುಚ್ಚು ಹಿಡಿದಿಲ್ಲ ಮಾರಾಯ್ತಿ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಆಮೇಲೆ ತಲೆ ಓಡಿತು. ಯಂತ್ರಕ್ಕೆ ಭೂತ ಗೀತ ತಿಳಿಯದು. ನಾನು ಏನು ಕಲಿಸಿದೆನೋ ಅದಕ್ಕೆ ಹೋಲುವುದನ್ನೆಲ್ಲ ಎಲ್ಲರ ಬಾಯಿಂದಲೂ ಕಿತ್ತು ತಂದಿತ್ತು. ಹಾಗಾದರೆ ನಾನು ಕಲಿಸಿದ್ದರಲ್ಲೇ ಅಳು ಇರಬೇಕು. ಯಾರೂ ಅಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ.

ಅಲೆಗಳನ್ನು ಕೈಯಿಂದಲೇ ಒಂದೊಂದಾಗಿ ತಗ್ಗಿಸಿದೆ. ಅಲೆ ಹಿಂದೆ ಸರಿಯುವ ಸಂದಿನಲ್ಲಿ ಹುಡುಗನೊಬ್ಬ ಬಿಕ್ಕುತ್ತಿದ್ದ. ಮೈಸೂರಿನವನನ್ನು ಕರೆದು ಅವನ ಚಿತ್ರದ ಜತೆ ಸೇರಿಸಿ ಓಡಿಸಿದೆವು. ಪ್ರತಿ ಬಿಕ್ಕಿಗೂ ಕಡಲು ಅದುರಿತು. ನಡುಗುತ್ತಿದ್ದದ್ದು ಹುಡುಗ. ಹಳೆಯ ಪ್ರಿಂಟುಗಳ ತೂಗಾಟದಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಂತ್ರ ಅವನನ್ನು ಬಿಗಿಹಿಡಿದದ್ದಕ್ಕೆ ನಡುಕ ಕಡಲಿಗೆ ಹೋಗಿತ್ತು.

ಇನ್ನೂ ಒಂದು ಧ್ವನಿ ಇತ್ತು, ಅದೇ ತಗ್ಗಿದ ಧ್ವನಿ. “ಕರಞ್ಞೋ ಮೋನೇ. ತೋಳ್ ಅನಙ್ಙರುದ್.” ಅಳು ಮಗನೇ, ಭುಜ ಅಲ್ಲಾಡಬಾರದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಾಲು. ‘ಸದ್ದನ್ನು ನಾವು ಆಮೇಲೆ ತೆಗೆದುಬಿಡುತ್ತೇವೆ.’ ಇಷ್ಟು ವರ್ಷದ ಮೇಲೆ, ಅಳುವನ್ನು ಗದ್ದಲ ಎಂದು ಗುರುತಿಸಿ ತೆಗೆಯಲು ಹೊರಟವಳು ನಾನು. ಆ ಮನುಷ್ಯ ನನಗೂ ಸಾಲು ಹೇಳಿಕೊಟ್ಟಿದ್ದರು ಅನ್ನಿಸಿತು.

ಸಾರ್‌ಗೆ ಹೇಳಬೇಕೇ ಬೇಡವೇ ಎಂಬುದರಲ್ಲಿ ಯಜಮಾನರಿಗೂ ನನಗೂ ವಾದವಾಯಿತು. ಹೋದ ವರ್ಷ ಸಾರ್‌ನ ಒಬ್ಬನೇ ಮಗ ರಸ್ತೆ ಅಪಘಾತದಲ್ಲಿ ಹೋಗಿದ್ದ, ಈ ಸಮಯದಲ್ಲಿ ಯಾಕೆ ಕೆದಕುವುದು ಎಂದು ಯಜಮಾನರ ಅಭಿಪ್ರಾಯ. ಹಕ್ಕು ಅವರದು, ಟೇಪಿನಲ್ಲಿರುವುದೂ ಅವರೇ, ಮುಚ್ಚಿಡುವುದಕ್ಕೆ ನಾವು ಯಾರು ಎಂದು ನಾನು ಹಟ ಹಿಡಿದೆ. ಕೊನೆಗೆ ನನ್ನ ಮಾತು ನಡೆಯಿತು. ಗಂಡ-ಹೆಂಡತಿ ಇಬ್ಬರೂ ಮೆಟ್ರೋದಲ್ಲಿ ಬಂದರು. ಸಾರ್ ಕುರ್ಚಿಗೆ ಒರಗದೆ ಕೂತರು. ಅವರ ಹೆಂಡತಿಯನ್ನು ನಾನು ಚೇಚ್ಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಅವರು ನಡುವೆ ಒಂದು ಕುರ್ಚಿ ಬಿಟ್ಟು ಕೂತರು.

ಟೇಪ್ ಹಾಕಿದೆ. ಬಿಕ್ಕು ಬಂತು. ಸಾರ್‌ನ ಮುಖದಲ್ಲಿ ಏನೂ ಆಗಲಿಲ್ಲ.

“ಅದು ನಾನಲ್ಲ,” ಎಂದರು. “ನಾನು ಅತ್ತಿಲ್ಲ. ಎಲ್ಲರೂ ನೋಡಿದ್ದಾರಲ್ಲ.”

“ನೋಡಿದ್ದಾರೆ,” ಎಂದರು ಚೇಚ್ಚಿ, ನನ್ನ ಕಡೆ ನೋಡಿ. “ಯಾರೂ ಕೇಳಿಲ್ಲ.”

ಆಗಲೇ ಆ ತಗ್ಗಿದ ಧ್ವನಿ ಬಂತು. ಸ್ವಂತ ಅಪ್ಪನ ಧ್ವನಿ ಅವರಿಗೆ ಗೊತ್ತಾಗದೆ ಇರುತ್ತದೆಯೇ? ಕೂತಲ್ಲೇ ಬೆನ್ನು ಇನ್ನಷ್ಟು ನೆಟ್ಟಗಾಯಿತು. ಅರವತ್ತು ದಾಟಿದ ಮನುಷ್ಯ ಟೇಪಿನ ಮಾತು ಪಾಲಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅವರು ಬಹಳ ಶಾಂತವಾಗಿ ಅಪ್ಪಣೆ ಮಾಡಿದರು. ಈ ಟೇಪ್ ಬೇಡ, ಬೇರೆ ಕಡಲಿನ ಸದ್ದು ಹಾಕಿ. ಚಿತ್ರದಲ್ಲಿ ಕಡಲೂ ನಡುಗಬಾರದು, ಹುಡುಗನೂ ನಡುಗಬಾರದು, ಎರಡನ್ನೂ ನಿಲ್ಲಿಸಿ. ಅಷ್ಟು ಹೇಳಿ ಬಿಸಿಲಿಗೆ ಹೋಗಿ ನಿಂತರು.

ಚೇಚ್ಚಿ ಚಹಾ ಹಿಡಿದುಕೊಂಡು ನನ್ನ ಹತ್ತಿರ ಉಳಿದರು. ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಮಗನ ಚಿತೆಯ ಮುಂದೆ ಗಂಡ ನಿಂತದ್ದನ್ನು ಯಾರೋ ಹಿಂದಿನಿಂದ ತೆಗೆದಿದ್ದರು. ಅದರ ಪಕ್ಕದಲ್ಲಿ ಸಿನಿಮಾದ ಬೆನ್ನನ್ನು ಜೋಡಿಸಿ, ಗಂಡಸು ಅಂದರೆ ಹೀಗಿರಬೇಕು ಎಂದು ಬರೆದು ಊರಿಗೆಲ್ಲ ಹಂಚಿದ್ದರು. “ನನ್ನ ಮಗು ಉರಿಯುತ್ತಿತ್ತು,” ಎಂದರು ಚೇಚ್ಚಿ. “ಜನ ಇವರನ್ನು ಹೊಗಳುತ್ತಿದ್ದರು. ಇವರು ಕಲ್ಲು ಎಂದು ಅವತ್ತೇ ಮಾತು ಬಿಟ್ಟೆ.” ಅವರ ಲೋಟ ತೆಗೆದುಕೊಂಡು ತೊಳೆದಿಟ್ಟೆ.

ಅಪ್ಪಣೆಯಾದ ಮೇಲೆ ಮಾಡಲೇಬೇಕಲ್ಲ. ಕಡಲಿನ ಸದ್ದಿಗೆಂದು ಮೈಕ್ ಹೊತ್ತು ತಿರುವನಂತಪುರಕ್ಕೆ ಹೋಗಿ, ವಿಳಿಂಜಂ ಹತ್ತಿರ ಚಿತ್ರೀಕರಣ ನಡೆದ ದಡ ಹುಡುಕಿದೆ. ಈಗ ಅಲ್ಲಿಂದ ಕಾಣುವುದು ಹೊಸ ಬಂದರಿನ ಕ್ರೇನುಗಳು, ಕಡಲಿನ ಮೇಲೆ ಕತ್ತು ಚಾಚಿ ನಿಂತಿರುತ್ತವೆ. ಅಲೆ ಬರುವ ರೀತಿಯೇ ಬೇರೆಯಾಗಿತ್ತು. ದೂರದಲ್ಲೆಲ್ಲೋ ಒಂದು ಎಂಜಿನ್ ನಿಲ್ಲದೆ ಗುಂಯ್‌ಗುಡುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ನನ್ನ ಕಿವಿಯದು. ಅಲೆ ಹಿಂದೆ ಸರಿದಾಗಲೆಲ್ಲ ನಾನು ಬಿಕ್ಕಿಗೆ ಕಾಯುತ್ತಿದ್ದೆ. ಬಾರದೆ ಹೋದರೆ ಎದೆ ಝಲ್ಲೆನ್ನುತ್ತಿತ್ತು, ಮಲಗಿದ ಮಗುವಿನ ಉಸಿರು ಕೇಳಿಸದಿದ್ದಾಗ ಆಗುವ ಹಾಗೆ. ಹಿಡಿದದ್ದನ್ನೆಲ್ಲ ಅಳಿಸಿ ಬರಿಗೈಯಲ್ಲಿ ಕೊಚ್ಚಿಗೆ ಬಂದೆ.

ಅಷ್ಟರಲ್ಲಿ ಮೈಸೂರಿನವನು ಹೇಳಿದ್ದನ್ನು ಮಾಡಿ ಮುಗಿಸಿದ್ದ. ಹುಡುಗನನ್ನು ಕಡಲಿನಿಂದ ಬೇರೆ ಮಾಡಿ, ಇಬ್ಬರನ್ನೂ ನಿಲ್ಲಿಸಿ, ಮತ್ತೆ ಸೇರಿಸಿದ್ದ. ಕೆಲಸ ನಾಜೂಕಾಗಿತ್ತು. ನೋಡಲು ಮಾತ್ರ ಆಗುತ್ತಿರಲಿಲ್ಲ. “ನಾನೇ ಮಾಡಿದ್ದು ಅಕ್ಕಾ, ಆದ್ರೂ ಒಬ್ಬನೇ ಕೂತು ನೋಡಕ್ಕಾಗಲ್ಲ,” ಎಂದ.

ಒಪ್ಪಿಗೆ ಕೊಡಲು ಸಾರ್ ಒಬ್ಬರೇ ಬಂದರು. ದೊಡ್ಡ ಪರದೆಯಲ್ಲಿ ಹಾಕಿದೆವು, ಧ್ವನಿ ಇಲ್ಲದೆ. ಅಲೆ ಬರುತ್ತದೆ, ಹೋಗುತ್ತದೆ. ಹುಡುಗ ನಿಂತಿದ್ದಾನೆ. ಕೂದಲು ಗಾಳಿಗೆ ಹಾರುತ್ತದೆ, ಅದರ ಕೆಳಗೆ ಎಲ್ಲವೂ ನಿಶ್ಚಲ. ಸಾರ್ ಎದ್ದು ಪರದೆಯ ಹತ್ತಿರ ಹೋದರು. ಆ ಬೆನ್ನಿನ ಮುಂದೆ ಈ ಬೆನ್ನು, ಎರಡೂ ಒಂದೇ ಅಚ್ಚು.

“ಇವನಲ್ಲಿ ಉಸಿರಿಲ್ಲ,” ಎಂದರು ನಮ್ಮ ಕಡೆ ತಿರುಗದೆ. “ನನ್ನ ಮಗನನ್ನು ಮನೆಯಲ್ಲಿ ಮಲಗಿಸಿದ್ದಾಗ ಹೀಗೇ ಇದ್ದ.”

ಫ್ಯಾನಿನ ಸದ್ದು ಕೇಳುತ್ತಿತ್ತು. ಚಿತ್ರ ಮುಗಿದು ಪರದೆ ಬಿಳಿಯಾದ ಮೇಲೂ ಅವರು ಅಲ್ಲೇ ಇದ್ದರು. ಕೊನೆಗೆ ಬಂದ ಮಾತು ಚಿಕ್ಕದು. “ಕಡಲನ್ನು ಮಾತ್ರ ನಿಲ್ಲಿಸಿ. ಹುಡುಗನನ್ನು ಬಿಡಿ.”

ಧ್ವನಿಯ ಬಗ್ಗೆ ಯಜಮಾನರು ಕಟ್ಟುನಿಟ್ಟು. ಬಿಡುಗಡೆಯಾದ ಸಿನಿಮಾದಲ್ಲಿ ಇಲ್ಲದ್ದನ್ನು ನಾವು ಸೇರಿಸುವಂತಿಲ್ಲ. ನನಗೂ ಅದು ಸರಿಯೇ. ನಡುಕ ನೆಗೆಟಿವ್‌ನಲ್ಲಿ ಮೊದಲಿಂದಲೂ ಇತ್ತು, ಅದು ಚಿತ್ರದ ಸ್ವತ್ತು. ಅಳು ಟೇಪಿನ ಸ್ವತ್ತು. ಮತ್ತೆ ಟೇಪಿನ ಮುಂದೆ ಕೂತು, ಈ ಸಲ ಯಂತ್ರಕ್ಕೆ ಬಿಡದೆ, ಬಿಕ್ಕನ್ನು ಒಂದೊಂದಾಗಿ ಕೈಯಿಂದ ಬಿಡಿಸಿ ಬೇರೆ ಇಟ್ಟು ಕಡಲನ್ನು ಉಳಿಸಿಕೊಂಡೆ. ಬಿಡಿಸಿದ್ದನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ ಸಾರ್‌ಗೆ ಕೊಟ್ಟಾಗ ಅಂಗಿಯ ಜೇಬಿಗೆ ಇಟ್ಟುಕೊಂಡರು.

ಚಿತ್ರೋತ್ಸವದಲ್ಲಿ ನಮಗೆ ಸಿಕ್ಕಿದ್ದು ಬೆಳಗಿನ ಪ್ರದರ್ಶನ. ತಿರುವನಂತಪುರದ ಆ ಥಿಯೇಟರ್ ಭರ್ತಿ, ಮೆಟ್ಟಿಲ ಮೇಲೂ ಜನ. ಸಾರ್ ಮತ್ತು ಚೇಚ್ಚಿ ನನ್ನ ಮುಂದಿನ ಸಾಲಿನಲ್ಲಿ, ಪಕ್ಕಪಕ್ಕದಲ್ಲಿ. ಒಳಗೆ ಬರುವಾಗ ಯಾರೋ ಹಿಂದಿನಿಂದ ಅವರ ಫೋಟೋ ತೆಗೆದಿದ್ದರು. ಕೊನೆಯ ರೀಲು ಶುರುವಾಯಿತು. ಅಪ್ಪನ ಧ್ವನಿ ತುಂಬಿಕೊಂಡು ಬಂತು, ಎಲ್ಲೂ ಟೊಳ್ಳಿಲ್ಲ. ಆಮೇಲೆ ಕಡಲು. ಆಮೇಲೆ ಆ ಬೆನ್ನು.

ಹುಡುಗ ನಡುಗಿದ. ಅಷ್ಟು ದೊಡ್ಡ ಪರದೆಯಲ್ಲಿ ಮುಚ್ಚಲು ಏನೂ ಇರಲಿಲ್ಲ. ಸಭೆಯಲ್ಲಿ ಒಂದು ಸಣ್ಣ ಗುಜುಗುಜು ಎದ್ದು ಅಡಗಿತು. ಅಲೆ ಹಿಂದೆ ಸರಿಯಿತು, ಸಂದಿನಲ್ಲಿ ಬಿಕ್ಕು ಕೇಳಿಸಿತು.

ತಪ್ಪು ಫೈಲ್ ಕಳಿಸಿಬಿಟ್ಟೆ ಎಂದೇ ಮೊದಲು ಅನ್ನಿಸಿದ್ದು. ಪ್ರೊಜೆಕ್ಟರ್ ಕೋಣೆಗೆ ಓಡಲು ಅರ್ಧ ಎದ್ದಿದ್ದೆ. ಮತ್ತೊಂದು ಬಿಕ್ಕು. ಅದೇ ಮುರಿಯುವ ರೀತಿ, ಅದೇ ಉಸಿರು. ವಾರಗಟ್ಟಲೆ ಕೇಳಿದ ಕಿವಿ ನನ್ನದು, ತಪ್ಪುವುದಿಲ್ಲ. ಆದರೆ ಅದು ಪರದೆಯ ಕಡೆಯಿಂದ ಬರುತ್ತಿರಲಿಲ್ಲ. ನನ್ನ ಮೊಣಕಾಲಿನ ಹತ್ತಿರದಿಂದ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಸಾರ್ ನೆಟ್ಟಗೆ ಕೂತು ಅಳುತ್ತಿದ್ದರು. ಪರದೆಯ ಮೇಲೆ ಹುಡುಗನ ಭುಜ ಅದುರುತ್ತಿತ್ತು. ಇವರ ಭುಜ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ.

ಚೇಚ್ಚಿ ಪರದೆಯಿಂದ ಕಣ್ಣು ತೆಗೆಯದೆ ಕೈ ಚಾಚಿ ಆ ಭುಜದ ಮೇಲಿಟ್ಟರು. “ಇನಿ ಅನಙ್ಙಿಕ್ಕೋ,” ಎಂದರು. ಇನ್ನು ಅಲ್ಲಾಡಬಹುದು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆ ಭುಜದ ಮೇಲಿದ್ದ ಚೇಚ್ಚಿಯ ಕೈ, ಅವತ್ತು ಕಡಲು ಅದುರಿದ ಹಾಗೆ, ಅದುರುವುದು ಕಂಡಿತು.